0.6 ನೋಡಿ ತಂದ ಚಿಪ್, ಕೆಲಸಕ್ಕ ಬಂದಿದ್ದು ಬ್ಯಾರೆ ನಂಬರ್

ವಿಜಯಪುರದಾಗ ಗಾಂಧಿ ಚೌಕದಿಂದ ಸ್ವಲ್ಪ ಒಳಗ ನಂದೊಂದು ರಿಪೇರಿ ಅಂಗಡಿ ಐತಿ. ಟಿವಿ, ಸೆಟ್‌ಟಾಪ್ ಬಾಕ್ಸ್, ಮಿಕ್ಸರ್, ಇನ್ವರ್ಟರ್ ಬೋರ್ಡ್, ಬಂದಿದ್ದೆಲ್ಲಾ ನೋಡ್ತೀನಿ. ನಮ್ಮ ಅಕ್ಕನ ಮಗ ಇಲ್ಲೇ ಬಿಇ ಕಡೇ ವರ್ಷ, ಎಲೆಕ್ಟ್ರಾನಿಕ್ಸ್. ಅವ ಒಂದಿನ ಸಂಜಿ ಅಂಗಡಿಗೆ ಬಂದು "ಮಾಮಾ, ಪ್ರಾಜೆಕ್ಟಿಗೆ ಸ್ಯಾಟಲೈಟಿಂದ ಸೀದಾ ಮೋಡದ ಫೋಟೋ ಇಳಿಸೂಣು ಅಂತ ಮಾಡೀನಿ, ನಿಮ್ಮ ಮಾಳಗಿ ಬೇಕು" ಅಂದ. ಮಾಳಗಿ ಅಷ್ಟ ಬೇಕಾಗಿತ್ತು ಅವಂಗ, ಆದ್ರ ಮುಂದ ನಾಲ್ಕು ತಿಂಗಳ ನನ್ನ ತಲೀನೂ ತಗೊಂಡ. ಆ ನಾಲ್ಕು ತಿಂಗಳದಾಗ ಒಂದು ಸಣ್ಣ ಆಂಪ್ಲಿಫೈಯರ್ ಚಿಪ್ ನಮ್ಮನ್ನ ಹೆಂಗ ಆಡಿಸ್ತು ಅನ್ನೋದು ಇಲ್ಲಿ ಪೂರಾ ಬರೀತೀನಿ, ಯಾಕಂದ್ರ ಈ ಚಿಪ್ ತರಿಸಿದವರು ಹತ್ತರಾಗ ಎಂಟು ಮಂದಿ ನಾವು ಮಾಡಿದ ತಪ್ಪನ್ನ ಮಾಡ್ತಾರ ಅಂತ ನನಗ ಅನಸ್ತೈತಿ.

ಮೊದಲ ಸಾಮಾನು ಏನಿತ್ತು ಹೇಳ್ತೀನಿ. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಒಂದು (ಕಂಪ್ಯೂಟರಿಗೆ ಹಚ್ಚೋ ರೇಡಿಯೋ ರಿಸೀವರ್), ಒಳಗ ಆರ್820ಟಿ ಜಾತಿ ಟ್ಯೂನರ್, 8 ಬಿಟ್ ಎಡಿಸಿ, ಅಂದ್ರ ಸಿಗ್ನಲ್ಲನ್ನ ಅಂಕಿ ಮಾಡೋ ಭಾಗ. ಅಲ್ಯುಮಿನಿಯಂ ಪೈಪಿಂದ ನಾವ ಮಾಡಿದ ವಿ-ಡೈಪೋಲ್ ಆಂಟೆನಾ, ಒಂದೊಂದು ತೋಳು 53.4 ಸೆಂಟಿಮೀಟರ್, ನಡುವ 120 ಡಿಗ್ರಿ. ಮಾಳಗಿಯಿಂದ ಕೆಳಗ ಅಂಗಡಿಗೆ 20 ಮೀಟರ್ ಆರ್‌ಜಿ-6 ಕೇಬಲ್, ಅದ ಡಿಶ್ ಕೇಬಲ್ ನೋಡ್ರಿ, ನನ್ನಂತ್ಯಾಕ ಬಂಡಲ್‌ಗಟ್ಲೆ ಬಿದ್ದಿತ್ತು. ಹಿಡೀಬೇಕಾಗಿದ್ದು ರಷ್ಯಾದ ಮೆಟಿಯೋರ್-ಎಂ ಸ್ಯಾಟಲೈಟ್, ಎನ್2-3 (2023ರ ಜೂನ್‌ದಾಗ ಹಾರಿಸಿದ್ದು) ಮತ್ತ ಎನ್2-4 (2024ರ ಫೆಬ್ರುವರಿ), 137.1 ಮತ್ತ 137.9 ಮೆಗಾಹರ್ಟ್ಸ್. ಮೊದಲಾಗಿದ್ರ ನೋವಾ ಸ್ಯಾಟಲೈಟ್ ಇದ್ವು, ಅವು ಭಾಳ ಸಲೀಸು, ಸಿಗ್ನಲ್ ಕಮ್ಮಿ ಇದ್ರೂ ಗೆರಿಗೆರಿ ಆಗಿಯಾದ್ರೂ ಫೋಟೋ ಬರೋದು. ಆದ್ರ 2025ರ ಜೂನ್‌ದಾಗ 18ನೇದ್ದು, ಆಗಸ್ಟ್‌ದಾಗ 15 ಮತ್ತ 19 ಬಂದ್ ಮಾಡಿಬಿಟ್ರು. ಮೆಟಿಯೋರ್ ಡಿಜಿಟಲ್, ಸೆಕೆಂಡಿಗೆ 72 ಸಾವಿರ ಸಿಂಬಲ್, ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗ ಹೋತು ಅಂದ್ರ ಗೆರಿಗಿರಿ ಏನೂ ಇಲ್ಲ, ಕರಿ ಪಟ್ಟಿ ಅಷ್ಟ.

ಆಂಪ್ಲಿಫೈಯರ್ ಇಲ್ದ ಮೊದಲ ಸಲ ಹಿಡಿದಾಗ ಸ್ಯಾಟಲೈಟ್ ನೆತ್ತಿ ಮ್ಯಾಲ ಬಂದಾಗ ಅಷ್ಟ ಸ್ವಲ್ಪ ಫೋಟೋ ಬಂತು, ಆಚೀಚೆ ಎಲ್ಲಾ ಕರಿ. ಸ್ಯಾಟ್‌ಡಂಪ್ ಸಾಫ್ಟ್‌ವೇರ್‌ದಾಗ ಸಿಗ್ನಲ್-ನಾಯ್ಸ್ (ನಾಯ್ಸಿಗಿಂತ ಸಿಗ್ನಲ್ ಎಷ್ಟು ಜೋರು ಅನ್ನೋ ಅಳತಿ; 3 ಡಿಬಿ ಅಂದ್ರ ಎರಡು ಪಟ್ಟು, 10 ಅಂದ್ರ ಹತ್ತು ಪಟ್ಟು) 4 ಡಿಬಿ ಸುತ್ತ ಹೊಯ್ದಾಡ್ತಿತ್ತು. ಆಗ ಬಂತು ಎಲ್‌ಎನ್‌ಎ ಮಾತು, ಅಂದ್ರ ತನ್ನ ನಾಯ್ಸ್ ಭಾಳ ಕೂಡಸದ ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಆಂಪ್ಲಿಫೈಯರ್.

ಇಲ್ಲಿ ನಮ್ಮ ಕಾಕಾನ ಸುದ್ದಿ ಹೇಳಬೇಕು. ದೂರದರ್ಶನ ಕಾಲದಾಗ ಊರ ತುಂಬ ಯಾಗಿ ಆಂಟೆನಾ ಕಟ್ಟಿದವ್ರು ಅವರು, ನಾ ಸಣ್ಣಾಂವ ಇದ್ದಾಗ ಕೆಳಗ ಟಿವಿ ಮುಂದ ನಿಂತು "ಬಂತು ಬಂತು, ಹೋತು, ಹಾಂ ಬಂತು" ಅಂತ ಒದರೋದು ನನ್ನ ಡ್ಯೂಟಿ. ಅವರು ಹೇಳ್ತಿದ್ದ ಒಂದು ಮಾತು ನನಗ ಪಾಠ ಆಗಿತ್ತು: ಬೂಸ್ಟರ್ ಕಂಬದ ಮ್ಯಾಲ ಆಂಟೆನಾ ಬುಡಕ್ಕ ಕಟ್ಟಬೇಕು, ಟಿವಿ ಹಿಂದ ಇಟ್ರ ಚುಕ್ಕಿನೂ ದೊಡ್ಡದು ಮಾಡಿ ತೋರಸತೈತಿ. ಡಿಶ್‌ದಾಗ ಎಲ್‌ಎನ್‌ಬಿ ತಟ್ಟಿ ಮುಂದ ಯಾಕ ಕುಂತಿರತೈತಿ, ಅದ ಕಾರಣ. ಹಂಗಾಗಿ ಎಲ್‌ಎನ್‌ಎ ಮ್ಯಾಲೇ ಇಡಬೇಕು ಅನ್ನೋದರಾಗ ನನಗ ಅನುಮಾನ ಇರಲಿಲ್ಲ. ಕಾಕಾ ಇನ್ನೊಂದು ಮಾತೂ ಹೇಳ್ತಿದ್ರು. ಅದನ್ನ ನಾ ಮರ್ತಿದ್ದೆ, ಮುಂದ ಬರತೈತಿ.

ಚಿಪ್ ಆರಿಸೋ ಕೆಲಸ ಹುಡುಗಂದು. ಅವನ ಆಸೆ ಏನಂದ್ರ ಒಂದ ಬೋರ್ಡ್‌ದಾಗ ಎರಡು ಕೆಲಸ ಆಗಬೇಕು, ಈಗ 137ರಾಗ ಸ್ಯಾಟಲೈಟ್, ಮುಂದ 1420 ಮೆಗಾಹರ್ಟ್ಸ್‌ದಾಗ ಆಕಾಶದ ಹೈಡ್ರೋಜನ್ ಗೆರಿ (ಅಲ್ಲಿನ ಹೈಡ್ರೋಜನ್ ಅನಿಲ ಬಿಡೋ ರೇಡಿಯೋ ಸಿಗ್ನಲ್) ಹಿಡಿಯೋದು. ಹಂಗಾಗಿ ವೈಡ್‌ಬ್ಯಾಂಡ್. ಮೂರು ಡೇಟಾಶೀಟ್ (ಕಂಪನಿ ಕೊಡೋ ಚಿಪ್ಪಿನ ವಿವರ) ತಂದು ಕೌಂಟರ್ ಮ್ಯಾಲ ಹರವಿದ. ಒಂದು ಮಿನಿ-ಸರ್ಕ್ಯೂಟ್ಸ್‌ನ ಪಿಎಸ್‌ಎ4-5043+, 50 ಮೆಗಾಹರ್ಟ್ಸ್‌ದಿಂದ 4 ಗಿಗಾಹರ್ಟ್ಸ್, 1 ಗಿಗಾಹರ್ಟ್ಸ್‌ದಾಗ ನಾಯ್ಸ್ ಫಿಗರ್ (ಚಿಪ್ ತಾನ ಎಷ್ಟು ನಾಯ್ಸ್ ಕೂಡಸತೈತಿ ಅನ್ನೋದು, ಕಮ್ಮಿ ಇದ್ದಷ್ಟು ಚೊಲೋ) 0.75 ಡಿಬಿ, 3 ವೋಲ್ಟಿಗೂ ನಡೀತೈತಿ 5ಕ್ಕೂ ನಡೀತೈತಿ, ಕರೆಂಟೂ ಕಮ್ಮಿ. ಎರಡನೇದ್ದು ಅವರದ ಪಿಜಿಎ-103+. ಮೂರನೇದ್ದು ಎಸ್‌ಪಿಎಫ್5189ಝಡ್, ಈಗ ಕೋರ್ವೋ ಕಂಪನಿದು, ಇದೂ 50ರಿಂದ 4000 ಮೆಗಾಹರ್ಟ್ಸ್, 900ರಾಗ ನಾಯ್ಸ್ ಫಿಗರ್ 0.6 ಡಿಬಿ, ಗೇನ್ (ಸಿಗ್ನಲ್ ಎಷ್ಟು ದೊಡ್ಡದು ಮಾಡತೈತಿ ಅನ್ನೋದು) 18.7 ಡಿಬಿ, 5 ವೋಲ್ಟಿಗೆ 90 ಮಿಲಿಆಂಪ್. ಹುಡುಗ 0.6 ಸುತ್ತ ಕೆಂಪು ಪೆನ್ನಿಲೆ ಗುಂಡಿ ಹಾಕಿದ್ದ, ಅಲ್ಲಿಗೆ ಅವನ ಆಯ್ಕೆ ಮುಗಿದಿತ್ತು.

ನಾ ನೋಡಿದ್ದು ಬ್ಯಾರೆ. ಪಿಎಸ್‌ಎ4 ಬರೋದು ಎಸ್‌ಒಟಿ-343 ಪ್ಯಾಕೇಜ್‌ದಾಗ, ಸಾಸಿವಿ ಕಾಳಿನಷ್ಟು, ನನ್ನ ಕಣ್ಣಿಗೆ ಈಗ ಅದು ಆಗೂದಿಲ್ಲ. 5189 ಎಸ್‌ಒಟಿ-89, ಹಿಂದ ಅಗಲ ಗ್ರೌಂಡ್ ಪಟ್ಟಿ, ಸುಟ್ರ ತಗದು ಇನ್ನೊಂದು ಹಚ್ಚಬಹುದು. ಅದೂ ಅಲ್ದ ರೆಡಿ ಬೋರ್ಡ್ ಐದುನೂರು ರೂಪಾಯಿ ಒಳಗ ಸಿಗತೈತಿ. ಅಂದ್ರ ನೋಡ್ರಿ, ಅವ 0.6 ನೋಡಿದ, ನಾ ಸೋಲ್ಡರ್ ನೋಡಿದೆ, ಇಬ್ಬರೂ ಡೇಟಾಶೀಟಿನ ಆ ಸಾಲು ನೋಡಲಿಲ್ಲ, ಯಾವುದು ಕಡೀಕೆ ನಮ್ಮನ್ನ ಕಾಯ್ತೋ ಆ ಸಾಲು.

ಎರಡು ಬೋರ್ಡ್ ತರಿಸಿದ್ವಿ. ಬಂದ ಕೂಡಲೆ ಮಾಡಿದ ಕೆಲಸ ಒಂದ, ಮೀಟರ್ ಹಚ್ಚಿ ಕರೆಂಟ್ ನೋಡೋದು. ಈ ಚಿಪ್ಪಿಗೆ ನಕಲಿ ಭಾಳ, ಮ್ಯಾಲ ಅಕ್ಷರ ಏನರ ಕೆತ್ತಿರಲಿ, 5 ವೋಲ್ಟಿಗೆ 90 ಮಿಲಿಆಂಪ್ ಆಸುಪಾಸು ತಿನ್ನಲಿಲ್ಲಂದ್ರ ಸಂಶಯ ಪಡಬೇಕು. ನಮ್ಮವು 88 ಮತ್ತ 91 ತಿಂದ್ವು. ಇದು ಅಸಲಿ ಅನ್ನೋಕ ಸಾಕ್ಷಿ ಅಲ್ಲ, ನಕಲಿ ಅನ್ನೋಕ ಕಾರಣ ಸಿಗಲಿಲ್ಲ ಅಷ್ಟ.

ಒಂದು ಬೋರ್ಡ್ ಪ್ಲಾಸ್ಟಿಕ್ ಡಬ್ಬಿಯಾಗ ಹಾಕಿ ಆಂಟೆನಾ ಬುಡಕ್ಕ ಕಟ್ಟಿ, ಮ್ಯಾಲೇ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಎಳದು ಮೊಬೈಲ್ ಚಾರ್ಜರಿಂದ 5 ವೋಲ್ಟ್ ಕೊಟ್ವಿ. ಪಾಸ್ ಬಂತು, ಅಂದ್ರ ಸ್ಯಾಟಲೈಟ್ ನಮ್ಮ ಮ್ಯಾಲ ಹಾದು ಹೋಗೋ ಹೊತ್ತು. ಪರದೆ ಮ್ಯಾಲ ನಾಯ್ಸ್ ನೆಲ (ಸಿಗ್ನಲ್ ಇಲ್ದಾಗೂ ಇರೋ ನಾಯ್ಸ್ ಮಟ್ಟ) ಮ್ಯಾಲೆ ಎದ್ದು ಕುಂತಿತ್ತು, ಅದರ ತುಂಬ ಬಾಚಣಿಕಿ ಹಲ್ಲಿನಂಗ ಗೆರಿ, ಸ್ಯಾಟಲೈಟ್ ಸಿಗ್ನಲ್ ಅದರಾಗ ಮುಳುಗಿಹೋಗಿತ್ತು. 4 ಡಿಬಿ ಇದ್ದದ್ದು 1 ಆತು. ಫೋಟೋ ಪೂರಾ ಕರಿ. ಹುಡುಗನ ಮಾರಿ ನೋಡೋಕ ಆಗ್ತಿರಲಿಲ್ಲ, "ಮಾಮಾ ಚಿಪ್ ನಕಲಿ" ಅಂದ. ಎಲ್ಲಾರೂ ಮೊದಲ ಇದನ್ನ ಅಂತಾರ.

ಬಾಚಣಿಕಿ ಹಲ್ಲು ನನಗ ಗುರ್ತಿನವು. ದಿನಾ ಹತ್ತು ಚಾರ್ಜರ್ ಬಿಚ್ಚೋ ಮನಿಷಾ ನಾ, ಅದು ಸ್ವಿಚಿಂಗ್ ಸಪ್ಲೈ ಹೊಲಸು, ಅಗ್ಗದ ಚಾರ್ಜರ್‌ದಾಗ ಫಿಲ್ಟರ್ ಕಾಯಿಲ್ ಜಾಗಾದಾಗ ಜಂಪರ್ ಹಾಕಿರ್ತಾರ. ಚಾರ್ಜರ್ ತಗದು ಪವರ್ ಬ್ಯಾಂಕ್ ಹಚ್ಚಿದ್ವಿ, ಹಲ್ಲು ಮಾಯ. ಆದ್ರ ಪವರ್ ಬ್ಯಾಂಕಿಗೆ 90 ಮಿಲಿಆಂಪ್ ಅಂದ್ರ ಲೋಡ್ ಅಂತ ಅನ್ನಿಸೋದ ಇಲ್ಲ, ಫೋನ್ ತಗದ್ರು ಅಂತ ತಿಳದು ಅರ್ಧ ಪಾಸ್‌ದಾಗ ತಾನ ಆಫ್ ಆಗಿ ಕುಂತ್ತು. ಎರಡು ದಿನ ಹಿಂಗ ಹೋತು. ಕಡೀಕ ಹಳೇ ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿ, ಮುಂದ ಒಂದು 7805 (5 ವೋಲ್ಟ್ ಕೊಡೋ ರೆಗ್ಯುಲೇಟರ್), ಆಚೀಚೆ ಕೆಪಾಸಿಟರ್. 7 ವೋಲ್ಟ್ ಇಳಿತ ಗುಣಿಸು 90 ಮಿಲಿಆಂಪ್, ಮುಕ್ಕಾಲು ವಾಟೂ ಇಲ್ಲ, ಕೈ ಇಟ್ರ ಬೆಚ್ಚಗ ಅಷ್ಟ. ಹೀಟ್‌ಸಿಂಕ್ ಬೇಕಾಗಲಿಲ್ಲ.

ಹಲ್ಲು ಹೋದ್ವು, ನೆಲ ಮಾತ್ರ ಇಳೀಲಿಲ್ಲ. ಸಿಗ್ನಲ್-ನಾಯ್ಸ್ 2 ಡಿಬಿ. ಅಂದ್ರ ಎಲ್‌ಎನ್‌ಎ ಹಚ್ಚಿದ ಮ್ಯಾಲೂ, ಹಚ್ಚದಾಗಿಗಿಂತ ಕೆಟ್ಟ.

ಈಗ ನಾ ಕಾಗದದ ಮ್ಯಾಲ ತಪ್ಪು ದಾರಿ ಹಿಡಿದದ್ದು ಹೇಳ್ತೀನಿ. ನಮ್ಮ ಮನಿಯಿಂದ ಎಫ್‌ಎಂ ಟವರ್ ಕಾಣತೈತಿ. ಹುಡುಗ "ಎಫ್‌ಎಂ ಓವರ್‌ಲೋಡ್ ಇರಬಹುದಾ ಮಾಮಾ" ಅಂದಿದ್ದ. ನಾ ಲೆಕ್ಕ ಹಾಕಿದೆ: ಎಫ್‌ಎಂ ಬ್ಯಾಂಡ್ 88ರಿಂದ 108, ಎರಡು ಸ್ಟೇಶನ್ ಕೂಡಿ ಹುಟ್ಟೋ ಮೂರನೇ ಆರ್ಡರ್ ಇಂಟರ್‌ಮಾಡ್ ಅಂದ್ರ ಎರಡು ಪಟ್ಟು ಒಂದರದು ಕಳೆ ಇನ್ನೊಂದು, ಭಾಳ ಅಂದ್ರ ಭಾಳ 216 ಕಳೆ 88, 128. ಅಂದ್ರ 137ಕ್ಕ ಮುಟ್ಟೂದ ಇಲ್ಲ. "ಎಫ್‌ಎಂದು ತಪ್ಪಿಲ್ಲೋ ತಮ್ಮಾ" ಅಂತ ಖಡಕ್ ಆಗಿ ಹೇಳಿ ಅವನ ಬಾಯಿ ಮುಚ್ಚಿಸಿದೆ. ಲೆಕ್ಕ ಸರಿ ಇತ್ತು. ತೀರ್ಪು ತಪ್ಪಿತ್ತು. ಮೂರನೇ ಆರ್ಡರ್ ಮುಟ್ಟೂದಿಲ್ಲ ಖರೆ, ಐದನೇದ್ದು ಮುಟ್ಟತೈತಿ, ಅದೂ ಬ್ಯಾಡ, ಒಂದ ಒಂದು ಸ್ಟೇಶನ್ ಇದ್ರೂ ಅದು ಜೋರಿದ್ರ ರಿಸೀವರಿನ ಮೊದಲ ಸ್ಟೇಜ್ ಉಸಿರುಗಟ್ಟತೈತಿ, ಆಗ ಸಣ್ಣ ಸಿಗ್ನಲ್ಲಿಗೆ ಸಿಗೋ ಗೇನ್ ಬೀಳತೈತಿ, ನಾಯ್ಸ್ ಏಳತೈತಿ. ಬ್ಲಾಕಿಂಗ್ ಅಂತಾರ ಇದಕ್ಕ.

ಈ ಹೊತ್ತಿನ್ಯಾಗ ಕಾಕಾ ಅಂಗಡಿಗೆ ಬಂದ್ರು, ಚಹಾ ಕುಡಿಯೋಕ. ನಮ್ಮ ರಗಳಿ ಕೇಳಿ, "ಟವರ್ ಕಾಣೋ ಮನಿಗೆ ಯಾರರ ಬೂಸ್ಟರ್ ಹಚ್ಚತಾರೇನೋ? ನಾವು ಅಂಥ ಮನಿಯಾಗ ಇದ್ದ ಬೂಸ್ಟರ್ ತಗದು ಬರ್ತಿದ್ವಿ" ಅಂದ್ರು. ಇದ ನೋಡ್ರಿ ನಾ ಮರ್ತಿದ್ದ ಎರಡನೇ ಮಾತು. ಅಷ್ಟು ಹೇಳಿ ಬಸಿಯಾಗ ಚಹಾ ಹಾಕ್ಕೊಂಡು ಕುಂತ್ರು, ಅವರಿಗೆ ಇದರಾಗ ಹೆಚ್ಚಿಂದು ಏನೂ ಅನ್ನಿಸಲಿಲ್ಲ.

ಹುಡುಗ ಆವತ್ತ ಒಂದು ಪರೀಕ್ಷೆ ಮಾಡಿದ, ಇದು ಎಲ್ಲಾರೂ ಮಾಡಬೇಕಾದ್ದು, ರೊಕ್ಕ ಬೀಳೂದಿಲ್ಲ. ಡಾಂಗಲ್‌ನ ಗೇನ್ 40ರಿಂದ 20ಕ್ಕ ಇಳಿಸಿದ. ಗೇನ್ ಇಳಿಸಿದ್ರ ಸಿಗ್ನಲ್-ನಾಯ್ಸ್ ಕಮ್ಮಿ ಆಗಬೇಕು, ಇಲ್ಲಾ ಹಂಗ ಇರಬೇಕು. ನಮ್ಮಲ್ಲಿ ಏರ್ತು, 2 ಇದ್ದದ್ದು 5. ಗೇನ್ ಇಳಿಸಿದಾಗ ಸಿಗ್ನಲ್ ಚೊಲೋ ಆತು ಅಂದ್ರ ಓವರ್‌ಲೋಡ್, ಇದರಾಗ ವಾದ ಇಲ್ಲ.

ಅವನ ದೋಸ್ತನ ಕಡೆ ಟೈನಿಎಸ್‌ಎ ಇತ್ತು, ಕೈಯಾಗ ಹಿಡಿಯೋ ಸಣ್ಣ ಸ್ಪೆಕ್ಟ್ರಂ ಅನಲೈಸರ್. ತಂದು ಅಳದ್ವಿ. ಆಂಟೆನಾ ತುದಿಯಾಗ ಎಫ್‌ಎಂ ಸ್ಟೇಶನ್ -24 ಡಿಬಿಎಂ. ಬೋರ್ಡಿನ ಆಚೆ +1. ಅಂದ್ರ ಎಫ್‌ಎಂ ಮ್ಯಾಲ ಗೇನ್ 25 ಡಿಬಿ! ಡೇಟಾಶೀಟಿನ 18.7 ಇರೋದು 900 ಮೆಗಾಹರ್ಟ್ಸಿಗೆ, ಕೆಳಗ ಇಳದಂಗ ಈ ಚಿಪ್ಪಿನ ಗೇನ್ ಏರ್ಕೋತ ಹೋಗತೈತಿ, ಎಲ್ಲಿ ನಮಗ ಬ್ಯಾಡಾಗಿತ್ತೋ ಅಲ್ಲೇ ಹೆಚ್ಚು. ಕೇಬಲ್‌ದಾಗ ಒಂದೂವರಿ ಡಿಬಿ ಕಳದು ಡಾಂಗಲ್ ಬಾಯಿಗೆ ಹತ್ತಿರ ಹತ್ತಿರ 0 ಡಿಬಿಎಂ, ಅಂದ್ರ ಒಂದು ಮಿಲಿವಾಟ್. ಸ್ಯಾಟಲೈಟ್ ಸಿಗ್ನಲ್ ಅದರ ಮುಂದ ಜಾತ್ರಿಯಾಗ ಸೊಳ್ಳಿ ಗುಂಯ್ ಅಂದಂಗ. 8 ಬಿಟ್ ಎಡಿಸಿಯ ಹರವು 50 ಡಿಬಿ, ಆದ್ರ ಪೆಟ್ಟು ಅಲ್ಲೀತನಾನೂ ಹೋಗಲಿಲ್ಲ, ಅದಕ್ಕೂ ಮೊದಲ ಟ್ಯೂನರ್‌ದಾಗ ಬಿತ್ತು.

ಈಗ ಆ ಸಾಲಿಗೆ ಬರೂಣು. 5189ರ ಡೇಟಾಶೀಟ್‌ದಾಗ 0.6ರ ಕೆಳಗ ಬರದಿರತೈತಿ: ಔಟ್‌ಪುಟ್ ಐಪಿ3 (ಇಂಟರ್‌ಮಾಡ್ ಹುಟ್ಟದಂಗ ಜೋರ್ ಸಿಗ್ನಲ್ ಎಷ್ಟು ತಡಕೋತೈತಿ ಅನ್ನೋ ಅಳತಿ) 39.5 ಡಿಬಿಎಂ, ಪಿ1ಡಿಬಿ 22.7 ಡಿಬಿಎಂ, 1960 ಮೆಗಾಹರ್ಟ್ಸ್‌ದಾಗ. ಪಿ1ಡಿಬಿ ಅಂದ್ರ ಚಿಪ್ ಹೊರಗ ಎಷ್ಟು ಕೊಟ್ಟಾಗ ಅದರ ಗೇನ್ ಒಂದು ಡಿಬಿ ಕುಸೀತೈತಿ ಅನ್ನೋ ಗಡಿ. 22.7 ಅಂದ್ರ ನೂರೆಂಬತ್ತು ಮಿಲಿವಾಟ್ ಮ್ಯಾಲ. ನಾವು ಅದರಿಂದ ಕೇಳಿದ್ದು ಒಂದು ಮಿಲಿವಾಟ್ ಚಿಲ್ಲರೆ. ಅಂದ್ರ ಚಿಪ್ಪಿಗೆ ಏನೂ ಆಗಿರಲಿಲ್ಲ! ಅದು ಆರಾಮ್ ಕುಂತು ತನ್ನ ಕೆಲಸ ತಾ ಮಾಡ್ತಿತ್ತು, ಒದ್ದಾಡ್ತಿದ್ದದ್ದು ಕೆಳಗಿನ ಡಾಂಗಲ್. ಹಗಲೂರಾತ್ರಿ ನಾವು ಬೈದದ್ದು ಮಾತ್ರ ಚಿಪ್ಪಿಗೆ.

ಇದರಿಂದ ಒಂದು ದೊಡ್ಡ ಉಪಯೋಗ ಆತು. ಫಿಲ್ಟರ್ ಎಲ್‌ಎನ್‌ಎ ಮುಂದ ಹಾಕಬೇಕೋ ಹಿಂದ ಹಾಕಬೇಕೋ ಅಂತ ಎಲ್ಲಾರೂ ಹೊಡದಾಡ್ತಾರ. ಮುಂದ ಹಾಕಿದ್ರ ಫಿಲ್ಟರ್ ತಿನ್ನೋ ಡಿಬಿ ಸೀದಾ ನಾಯ್ಸ್ ಫಿಗರಿಗೆ ಕೂಡತೈತಿ. ಹಿಂದ ಹಾಕಿದ್ರ ಎಲ್‌ಎನ್‌ಎ ಜೋರ್ ಸಿಗ್ನಲ್ ತಡಕೋಬೇಕು. ನಮ್ಮ ಚಿಪ್ ತಡಕೋತಿತ್ತು, ಹಂಗಾಗಿ ಫಿಲ್ಟರ್ ಕೆಳಗ ಅಂಗಡಿಯಾಗ, ಡಾಂಗಲ್ ಮುಂದ, ನೆಳ್ಳಿನ್ಯಾಗ ಕುಂತು ಹಚ್ಚಿದ್ವಿ. ನಮ್ಮೂರಾಗ ಏಪ್ರಿಲ್ ಬಿಸಿಲಿಗೆ ಮಾಳಗಿ ಮ್ಯಾಲ ಕಾಲಿಡೋಕಾಗೂದಿಲ್ಲ, ಮ್ಯಾಲ ಒಂದು ಜಾಯಿಂಟ್ ಕಮ್ಮಿ ಆತು ಅಂದ್ರ ಒಂದು ತಲಿಬ್ಯಾನಿ ಕಮ್ಮಿ. ಇದ ಜಾಗಾದಾಗ ಪಿ1ಡಿಬಿ 3-4 ಡಿಬಿಎಂ ಇರೋ ಹಳೇ ಮಾದರಿ ಆಂಪ್ಲಿಫೈಯರ್ ಚಿಪ್ ಇದ್ದಿದ್ರ ಈ ಮಾತು ಹೇಳ್ತಿರಲಿಲ್ಲ, ಅದಕ್ಕ +1 ಅಂದ್ರ ಕುತ್ತಿಗಿಮಟ ನೀರು.

ಫಿಲ್ಟರ್ ಅಂದ್ರ ಕೊಂಡದ್ದಲ್ಲ. ಅದ ಆರ್‌ಜಿ-6 ಕೇಬಲ್ಲಿನ ತುಂಡು. ಒಂದು ಟಿ ಕನೆಕ್ಟರ್ ಹಾಕಿ ಬಾಜೂಕ ಕಾಲು ಅಲೆ ಉದ್ದದ ಕೇಬಲ್ ಬಿಟ್ಟು ತುದಿ ತೆರದ ಇಟ್ರ, ಆ ಫ್ರೀಕ್ವೆನ್ಸಿಗೆ ಅದು ಶಾರ್ಟ್ ಆಗಿ ಕಾಣತೈತಿ. 100 ಮೆಗಾಹರ್ಟ್ಸ್ ಅಂದ್ರ ಗಾಳಿಯಾಗ ಕಾಲು ಅಲೆ 75 ಸೆಂಟಿಮೀಟರ್, ಫೋಮ್ ಕೇಬಲ್‌ದಾಗ ವೇಗ 0.83 ಸುತ್ತಮುತ್ತ, ಅಂದ್ರ 62 ಸೆಂಟಿಮೀಟರ್. ನಾವು 66 ಕೊಯ್ದು ಹಚ್ಚಿ, ಟೈನಿಎಸ್‌ಎ ಮ್ಯಾಲ ಎಫ್‌ಎಂ ಗುಡ್ಡ ನೋಡ್ಕೋತ, ಕಟ್ಟರ್‌ನಿಂದ ಅರ್ಧ ಅರ್ಧ ಸೆಂಟಿಮೀಟರ್ ಕತ್ತರಿಸ್ಕೋತ ಬಂದ್ವಿ. ಟಕ್, ಟಕ್, ಟಕ್. ಮೊದಲ ನಾಲ್ಕು ತುಂಡಿಗೆ ಏನೂ ಆಗಲಿಲ್ಲ, ಐದನೇದ್ದಕ್ಕ ಗುಡ್ಡ ಕುಸೀಲಿಕ್ಕೆ ಹತ್ತಿತು, ಏಳನೇದ್ದಕ್ಕ 26 ಡಿಬಿ ಕೆಳಗ. ಎಂಟನೇದ್ದು ಕತ್ತರಿಸಿದ್ವಿ, ಮತ್ತ ಏರ್ತು. ಇದು ಹೆಚ್ಚು ಕತ್ತರಿಸಿದ್ರ ಕೂಡಿಸೋಕ ಬರೂದಿಲ್ಲ ನೋಡ್ರಿ, ಕೌದಿ ಹೊಲಿಗಿ ಅಲ್ಲ. ಹೊಸಾ ತುಂಡು ತಗೊಂಡು ಏಳನೇ ಅಳತಿಗೆ ನಿಂದ್ರಿಸಿದ್ವಿ.

ಒಂದು ತೊಡಕಿತ್ತು. ಆ ತುಂಡು 137ರಾಗ ಸುಮ್ನ ಕೂಡೂದಿಲ್ಲ, ಅಲ್ಲಿ ಅದು 49 ಓಮ್‌ನ ಕಾಯಿಲ್ ಇದ್ದಂಗ ಕಾಣತೈತಿ, ಲೈನಿಗೆ ಅಡ್ಡ ಅಷ್ಟು ಕಾಯಿಲ್ ಬಂತು ಅಂದ್ರ ಒಂದೆರಡು ಡಿಬಿ ತಿಂತೈತಿ. ಮದ್ದು ಅಂದ್ರ ಅದಕ್ಕ ಸಮಾ ಕೆಪಾಸಿಟರ್ ಅಡ್ಡ ಹಾಕೋದು, 22 ಪಿಎಫ್ ಸಿರಾಮಿಕ್, 137ರಾಗ ಅದರ ರಿಯಾಕ್ಟನ್ಸ್ 53 ಓಮ್, ಎರಡೂ ಒಂದನ್ನೊಂದು ಹೊಡದುಹಾಕ್ತಾವ. ಟಿ ಒಳಗ ಕಾಲು ಗಿಡ್ಡ ಮಾಡಿ ಬೆಸಗಿ ಹಾಕಿದೆ. ನಾಲ್ಕಾಣೆ ಸಾಮಾನು. ಇನ್ನ 75 ಓಮ್ ಕೇಬಲ್ಲಿಗೆ 50 ಓಮ್ ಬೋರ್ಡ್ ಅಂತ ಹುಡುಗ ಭಾಳ ಚಿಂತಿ ಮಾಡಿದ್ದ, ಅದರಿಂದ ವಾಪಸ್ ಹೊಳ್ಳೋದು ನೂರಕ್ಕ ನಾಲ್ಕು ಭಾಗ, 0.18 ಡಿಬಿ, ಬಿಟ್ಟಬಿಡು ಅಂದೆ.

ಆವತ್ತ ರಾತ್ರಿ ಪಾಸ್‌ದಾಗ 9 ಡಿಬಿ ಬಂತು. ಅರಬ್ಬಿ ಸಮುದ್ರದಿಂದ ಬಂಗಾಳ ಕೊಲ್ಲಿತನಾ ಮೋಡ ಪರದೆ ಮ್ಯಾಲ ಸಾಲು ಸಾಲು ಇಳೀತು. ಹುಡುಗ ಫೋನ್ ತಗೊಂಡು ಅವರವ್ವಗ ತೋರಿಸೋಕ ಓಡಿದ.

ಇಲ್ಲಿಗೆ ಮುಗಿಸಬಹುದಿತ್ತು, ಆದ್ರ ನನಗ ಆ 0.6 ಕಾಡ್ತಿತ್ತು. ಅದಕ್ಕ ಖರೇನ ಏನರ ಕೆಲಸ ಐತೇನು? ಮಾಳಗಿ ಮ್ಯಾಲ ಹತ್ತಿ ಬೋರ್ಡಿನ ಬಾಯಿಯಿಂದ ಆಂಟೆನಾ ಬಿಚ್ಚಿ 50 ಓಮ್ ಟರ್ಮಿನೇಟರ್ (ಆಂಟೆನಾ ಬದಲಿ ಹಚ್ಚೋ ರೆಸಿಸ್ಟರ್) ಹಚ್ಚಿದೆ, ಕೆಳಗ ಹುಡುಗ ನಾಯ್ಸ್ ನೆಲ ಬರಕೊಂಡ. ಮತ್ತ ಆಂಟೆನಾ ಹಚ್ಚಿದೆ. ನೆಲ 11 ಡಿಬಿ ಏರ್ತು. ಅಂದ್ರ ಏನಾತು? ರೇಡಿಯೋದಾಗ ನಾಯ್ಸನ್ನ ಉಷ್ಣತೆ ಲೆಕ್ಕದಾಗ, ಕೆಲ್ವಿನ್‌ದಾಗ ಹೇಳ್ತಾರ. ಟರ್ಮಿನೇಟರ್ ಇದ್ದಾಗ ಇರೋ ನಾಯ್ಸ್ ಅಂದ್ರ ಅದರ 290 ಕೆಲ್ವಿನ್, ಮ್ಯಾಲ ಚಿಪ್ಪಿಂದು 43 ಕೆಲ್ವಿನ್ (0.6 ಡಿಬಿ ಅಂದ್ರ ಅಷ್ಟ), ಮತ್ತ ಚೂರುಪಾರು. ಅದರ ಹನ್ನೆರಡೂವರಿ ಪಟ್ಟು ಆಂಟೆನಾದಿಂದ ಬರ್ತೈತಿ, ನಾಲ್ಕು ಸಾವಿರ ಕೆಲ್ವಿನ್ ದಾಟಿ. ನಾಲ್ಕು ಸಾವಿರದಾಗ ನಲವತ್ಮೂರು! 0.6ರ ಬದಲಿ 2 ಡಿಬಿ ಚಿಪ್ ಇದ್ದಿದ್ರ 170 ಕೆಲ್ವಿನ್, ಆಗ ಬೀಳೋ ವ್ಯತ್ಯಾಸ 0.13 ಡಿಬಿ. ಕಣ್ಣಿಗೆ ಕಾಣೂದ ಇಲ್ಲ. ಹುಡುಗ ಕೆಂಪು ಪೆನ್ನಿಲೆ ಗುಂಡಿ ಹಾಕಿದ್ದು ಈ 0.13ಕ್ಕ.

ಆ ನಾಲ್ಕು ಸಾವಿರ ಎಲ್ಲಿಂದ ಬಂತು ಅನ್ನೋದು ಒಂದು ಸಂಜಿ ತಾನಾಗೇ ಗೊತ್ತಾತು. ಪಾಸ್ ನಡದಿತ್ತು, ಓಣಿ ಪೂರಾ ಕರೆಂಟ್ ಹೋತು. ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ, ಮ್ಯಾಲಿನ ಬೋರ್ಡ್ ಯುಪಿಎಸ್ ಬ್ಯಾಟರಿ ಮ್ಯಾಲ, ನಮ್ಮದು ಏನೂ ನಿಲ್ಲಲಿಲ್ಲ, ಆದ್ರ ನಾಯ್ಸ್ ನೆಲ ಧಪ್ ಅಂತ 6 ಡಿಬಿ ಬಿತ್ತು, ಸಿಗ್ನಲ್-ನಾಯ್ಸ್ 14ಕ್ಕ ಹೋತು. ಓಣಿ ತುಂಬ ಎಲ್‌ಇಡಿ ಬಲ್ಬ್, ಸ್ಕೂಟಿ ಚಾರ್ಜರ್, ಇನ್ವರ್ಟರ್ — ಅರ್ಧಕ್ಕರ್ಧ ನಾನ ರಿಪೇರಿ ಮಾಡಿ ಕೊಟ್ಟದ್ದು. ಐದು ನಿಮಿಷಕ್ಕ ಮನಿಮನಿ ಇನ್ವರ್ಟರ್ ಚಾಲೂ ಆದ್ವು, ನೆಲ ಮತ್ತ ಮೆಲ್ಲಕ ಎದ್ದು ಕುಂತಿತು. ಕರೆಂಟ್ ಹೋದ ಐದು ನಿಮಿಷದ ಆ ತುಂಡು ಫೋಟೋ ಇವತ್ತೀತನಾ ನಮ್ಮದು ಎಲ್ಲಕ್ಕಿಂತ ಚೊಲೋ ಬಂದದ್ದು.

ಹಂಗಾದ್ರ 137ಕ್ಕ ಚಿಪ್ ಆರಿಸುವಾಗ ನೋಡಬೇಕಾದ್ದು ಐಪಿ3, ಪಿ1ಡಿಬಿ, ಆಮ್ಯಾಲ ಕೆಳಗಿನ ಫ್ರೀಕ್ವೆನ್ಸಿಯಾಗ ಗೇನ್ ಎಷ್ಟು ಹಾರತೈತಿ ಅನ್ನೋದು. ನಾಯ್ಸ್ ಫಿಗರ್ 2 ಇದ್ರೂ ನಡೀತೈತಿ. ಊರ ಹೊರಗ, ಹೊಲದಾಗ ಇದ್ದವರಿಗೆ ಸ್ವಲ್ಪ ಬ್ಯಾರೆ, ಅಲ್ಲಿ ಆಕಾಶದ್ದ ನಾಯ್ಸ್ ಅಷ್ಟ ಉಳಿದು ಕೆಲವು ನೂರು ಕೆಲ್ವಿನ್‌ಗೆ ಬರತೈತಿ, 0.6ಕ್ಕೂ 2ಕ್ಕೂ ಒಂದು ಡಿಬಿ ಫರಕ್ ಬೀಳಬಹುದು.

1420ರ ಮಾತು ಪೂರಾ ಉಲ್ಟಾ. ಹುಡುಗ ತಗಡಿನ ಹಾರ್ನ್ ಮಾಡಿ ನೆತ್ತಿ ಕಡೆ ಮುಖ ಮಾಡಿ ನಿಲ್ಲಿಸಿದ, ಅಲ್ಲಿ ಆಕಾಶ ತಣ್ಣಗ, ಸುತ್ತಲಿನ ನೆಲದಿಂದ ಸೋರಿ ಬರೋದು ಸೇರಿ 60 ಕೆಲ್ವಿನ್ ಅಂತ ಹಿಡಿರಿ. ಅಲ್ಲಿ ಚಿಪ್ಪಿನ 43ಕ್ಕೂ 170ಕ್ಕೂ ಮೂರೂವರಿ ಡಿಬಿ ಅಂತರ, ಗುಂಡಿ ಹಾಕಿದ 0.6 ಅಲ್ಲಿ ದುಡೀತೈತಿ. ಆದ್ರ ಅಲ್ಲಿ ಚಿಪ್ಪಿನ ಗೇನ್ 15 ಡಿಬಿ ಸುತ್ತಮುತ್ತ ಅಷ್ಟ, 20 ಮೀಟರ್ ಆರ್‌ಜಿ-6 1420ರಾಗ 5 ಡಿಬಿ ತಿಂತೈತಿ, ಡಾಂಗಲ್ ನಾಯ್ಸ್ ಫಿಗರ್ 6 ಹಿಡಿದ್ರ, ಹಿಂದಿನ ಕೇಬಲ್-ಡಾಂಗಲ್ ಕೂಡಿ 106 ಕೆಲ್ವಿನ್ ಸೇರಸತಾವ, ಚಿಪ್ಪಿನ ಎರಡೂವರಿ ಪಟ್ಟು ಹತ್ರ! ಅಂದ್ರ ಒಂದು ಬೋರ್ಡ್ ಸಾಲೂದಿಲ್ಲ. ಎರಡನೇ ಬೋರ್ಡ್ ಇತ್ತಲ್ಲ, ಒಂದರ ಹಿಂದ ಒಂದು ಹಚ್ಚಿದ್ವಿ, ಹಚ್ಚಿದ ಕೂಡಲೆ ಸೀಟಿ ಹೊಡಿಯೋಕ ಚಾಲೂ ಮಾಡಿದ್ವು, ಯಾಕಂದ್ರ 1420ರಾಗ 30 ಡಿಬಿ ಆದ್ರ 100 ಮೆಗಾಹರ್ಟ್ಸ್ ಹತ್ರ ಎರಡೂ ಕೂಡಿ 50 ಡಿಬಿ, ಒಂದ ಡಬ್ಬಿಯಾಗ ಬಾಜೂಬಾಜೂಕ ಇಟ್ರ ಔಟ್‌ಪುಟ್ ಇಣುಕಿ ಇನ್‌ಪುಟ್ಟಿಗೆ ಹೊಕ್ಕತೈತಿ. ನಡುವ 1420 ಸುತ್ತಿನದಷ್ಟ ಬಿಡೋ ಸಾ (ಎಸ್‌ಎಡಬ್ಲ್ಯೂ) ಫಿಲ್ಟರ್ ಹಾಕಿ, ಒಂದೊಂದಕ್ಕ ಬ್ಯಾರೆ ಬ್ಯಾರೆ ತಗಡಿನ ಡಬ್ಬಿ ಮಾಡಿ ಬೆಸದ ಮ್ಯಾಲ ಸುಮ್ಮನಾದ್ವು. ಒಂದ ಬೋರ್ಡ್‌ದಾಗ ಎರಡು ಕೆಲಸ ಅನ್ನೋದು ಅಲ್ಲಿಗೆ ಬಿಟ್ವಿ. ಸ್ಯಾಟಲೈಟಿಗೆ ಮೂರನೇ ಬೋರ್ಡ್ ತರಿಸಿದ್ವಿ.

ಸಣ್ಣ ಸಣ್ಣ ಮಾತು ಎರಡು ಉಳದಾವ. ಈಗ 5 ವೋಲ್ಟ್ ಕೇಬಲ್ಲಿನ್ಯಾಗ ಮ್ಯಾಲ ಕಳಸ್ತೀವಿ, ಎರಡೂ ತುದಿಗೆ ಕಾಯಿಲ್ ಮತ್ತ ಕೆಪಾಸಿಟರ್ ಹಾಕಿ. ಆರ್‌ಜಿ-6ರ ನಡುವಿನ ತಂತಿಗೆ ಆಯಸ್ಕಾಂತ ಹಿಡದು ನೋಡ್ರಿ, ಅಂಟ್ಕೋತು ಅಂದ್ರ ಒಳಗ ಉಕ್ಕು, ಮ್ಯಾಲ ತಾಮ್ರದ ಲೇಪ. 137ರ ಸಿಗ್ನಲ್ಲಿಗೆ ಅದು ನಡೀತೈತಿ, ಸಿಗ್ನಲ್ ತಾಮ್ರದ ಚರ್ಮದಾಗ ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ಒಳಗಷ್ಟ ಹರೀತೈತಿ, ಡಿಸಿ ಮಾತ್ರ ಉಕ್ಕಿನ್ಯಾಗ ಹರೀಬೇಕು. ನಮ್ಮ 20 ಮೀಟರಿಗೆ ಕಾಲು ವೋಲ್ಟ್ ಬಿತ್ತು, ಚಿಪ್ 3ರಿಂದ 5 ವೋಲ್ಟಿಗೆ ನಡಿಯೂದರಿಂದ ಗೊತ್ತೂ ಆಗಲಿಲ್ಲ. ಇನ್ನೊಂದು, ಮೇ ತಿಂಗಳದಾಗ ಒಣಗಾಳಿ, ಧೂಳು, ಆಮ್ಯಾಲ ಗುಡುಗು ಹತ್ತಿದ ಒಂದು ಸಂಜಿ ಬೋರ್ಡ್ ಸತ್ತಿತು, ಕರೆಂಟ್ 90 ಇದ್ದದ್ದು 30ಕ್ಕ ಇಳದಿತ್ತು. ಈ ಜಾತಿ ಚಿಪ್ಪಿನ ಇನ್‌ಪುಟ್ ಸ್ಟ್ಯಾಟಿಕ್ಕಿಗೆ ಭಾಳ ಮೆತ್ತಗ. ಹೊಸಾ ಚಿಪ್ ಹಚ್ಚಿ ಈ ಸಲ ಬಾಯಿಗೆ ಅಡ್ಡಲಾಗಿ 470 ನ್ಯಾನೊಹೆನ್ರಿ ಕಾಯಿಲ್ ಗ್ರೌಂಡಿಗೆ ಕೊಟ್ಟೀನಿ, 137ರಾಗ ಅದು 400 ಓಮ್, ಸಿಗ್ನಲ್ಲಿಗೆ ತೊಂದ್ರಿ ಇಲ್ಲ, ಆಂಟೆನಾದ ಮ್ಯಾಲ ಕೂಡೋ ಚಾರ್ಜ್ ಇಳದು ಹೋಗತೈತಿ. ಸಿಡಿಲು ಬಿದ್ರ ಅದೂ ಉಳಿಯೂದಿಲ್ಲ, ಮೋಡ ಕಂಡಕೂಡ್ಲೆ ಮಾಳಗಿ ಹತ್ತಿ ಬಿಚ್ಚಿ ಬರ್ತೀನಿ.

ಹುಡುಗಂದು ವೈವಾ ಮುಗೀತು. "0.6 ಯಾಕ ಆರಿಸಿದಿ" ಅಂತ ಕೇಳಿದ್ರಂತ. ಟರ್ಮಿನೇಟರ್ ಲೆಕ್ಕ ತೋರಿಸಿ "ಸರ್, ತಪ್ಪು ಕಾರಣಕ್ಕ ಆರಿಸಿದ್ದೆ" ಅಂದನಂತ.